ಮ್ಯಾಗ್ನೆಟ್ ಟೈಲ್ಸ್‌ನಲ್ಲಿ ದುರ್ಗದ ಕೋಟೆ, ಮೂರನೇ ವಾರ

ಮ್ಯಾಗ್ನೆಟ್ ಟೈಲ್ಸ್ ಅಂದ್ರೆ ಅಂಚಲ್ಲಿ ಮ್ಯಾಗ್ನೆಟ್ ಇರೋ, ಒಂದಕ್ಕೊಂದು ಅಂಟೋ ಪ್ಲಾಸ್ಟಿಕ್ ಬಿಲ್ಲೆಗಳು. ನಮ್ಮ ಸೆಟ್‌ನಲ್ಲಿ ಚೌಕ 60, ತ್ರಿಕೋನ 40. ಮನೆ ಕಿಟಕೀಲಿ ದಿನಾ ಬೆಟ್ಟ ಕಾಣುತ್ತಲ್ಲ, ಅದಕ್ಕೆ ಮಗಳು ಕಟ್ಟಿದ್ರೆ ಏಳು ಸುತ್ತಿನ ಕೋಟೆನೇ ಕಟ್ಟೋದು ಅಂತ ಹಟ ಹಿಡಿದಾಳೆ, ಒಂದನೇ ಕ್ಲಾಸು ಅವಳು.

ಮೊದಲನೇ ವಾರ ಬರೀ ಬೀಳಿಸಿದ್ದೇ ಆಯ್ತು. ನೆಟ್ಟಗೆ ಸಾಲಾಗಿ ನಿಲ್ಲಿಸಿದ ಗೋಡೆ ಒಂದು ಸಣ್ಣ ಗಾಳಿಗೂ ಮಲಗ್ತಿತ್ತು, ನಾನು ಹೇಳೋಕೆ ಬಾಯಿ ತೆರೆದವನು ಸುಮ್ಮನಾದೆ, ಎರಡು ದಿನಕ್ಕೆ ಅವಳೇ ಮೂಲೆ ತಿರುಗಿಸಿ ನಿಲ್ಲಿಸಿದ್ಲು. 'ಅಪ್ಪ, ಸೊಟ್ಟ ಇದ್ರೆ ಬೀಳಲ್ಲ' ಅಂದ್ಲು. ಸುಮ್ಮನಿದ್ದಿದ್ದು ಒಳ್ಳೇದೇ ಆಯ್ತು.

ಹೋದ ವಾರ ಒಂದು ಟೈಲ್ ಬಿರುಕು ಬಿಡ್ತು. ಒಳಗೆ ಅಂಚಿಗೆ ಕಡ್ಡಿ ತುಂಡಿನಂಥ ಪುಟ್ಟ ಮ್ಯಾಗ್ನೆಟ್, ಅಲ್ಲಾಡಿಸಿದ್ರೆ ತಾನೇ ಉರುಳುತ್ತೆ. ಅದಕ್ಕೇ ಯಾವ ಅಂಚನ್ನ ಯಾವುದಕ್ಕೆ ಹಿಡಿದ್ರೂ ತಿರುಗಿ ಟಕ್ ಅಂತ ಕೂತ್ಕೊಳ್ಳೋದು, ದೂರ ತಳ್ಳೋದೇ ಇಲ್ಲ. ತೋರಿಸಿದ ಕೂಡಲೇ ಅದನ್ನ ಎತ್ತಿಟ್ಟೆ. ಮನೇಲಿ ಸಣ್ಣ ಮಕ್ಕಳಿದ್ರೆ ದಯವಿಟ್ಟು ಬಿರುಕು ಬಿಟ್ಟದ್ದು ಇಟ್ಕೋಬೇಡಿ, ಎರಡು ಮ್ಯಾಗ್ನೆಟ್ ನುಂಗಿದ್ರೆ ಕರುಳಿನ ಆಚೆ ಈಚೆ ಒಂದಕ್ಕೊಂದು ಅಂಟಿ ಕರುಳೇ ತೂತಾಗಬಹುದು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಈ ವಾರದ್ದು ನಂಗೆ ತುಂಬಾ ಇಷ್ಟ ಆಯ್ತು. ಒಳಗಿನ ಸುತ್ತು ಒಂದು ಬದಿಗೆ ಎರಡು, ಒಟ್ಟು 8 ಚೌಕ. ಅದರ ಹೊರಗೆ ಬದಿಗೆ ನಾಲ್ಕು, 16. ಆಮೇಲೆ 24. ಬೆರಳು ಮಡಚಿ ಎಣಿಸ್ತಾ ಎಣಿಸ್ತಾ ನಿಂತುಬಿಟ್ಲು, 'ಎಂಟರ ಮಗ್ಗಿ!' ಅಂತ ಕೂಗಿದ್ಲು. ಅಲ್ಲಿಗೆ 48 ಖರ್ಚು, ನಾಲ್ಕನೇ ಸುತ್ತಿಗೆ 32 ಬೇಕು, ಉಳಿದಿರೋದು 12. ಏಳು ಸುತ್ತಿಗೆ ಎಷ್ಟು ಅಂತ ಇಬ್ರೂ ಕೂತು ಕೂಡಿದ್ವಿ, 224! ಹಾಗಾಗಿ ಮೂರೇ ಸುತ್ತು, ಗೋಡೆ ಮೇಲೆ ತ್ರಿಕೋನ ನಿಲ್ಲಿಸಿ ತೆನೆ, ಅಂದ್ರೆ ಕೋಟೆ ಗೋಡೆ ತುದಿಯ ಹಲ್ಲಿನಂಥ ಸಾಲು.

ಭಾನುವಾರ ಕೋಟೆಗೆ ಹೋಗಿದ್ವಿ. ಒಂದು ಬಾಗಿಲು ದಾಟಿದ್ರೆ ಮುಂದಿನದು ಎದುರಿಗೆ ಕಾಣಲ್ಲ, ದಾರಿ ತಿರುಗುತ್ತೆ, ಆನೆ ಓಡಿ ಬಂದು ಬಾಗಿಲು ಗುದ್ದಬಾರದು ಅಂತ ಹೇಳಿದೆ. ಮನೆಗೆ ಬಂದವಳು ಚಪ್ಪಲಿನೂ ಬಿಡದೆ ಮೂರೂ ಬಾಗಿಲು ಕಿತ್ತು ಬೇರೆ ಬೇರೆ ಕಡೆ ಇಟ್ಲು. ಹಿತ್ತಲಿಂದ ಕಲ್ಲು ತಂದು ಬಂಡೆ ಅಂತ ನಡುವೆ ಇಟ್ಟಿದಾಳೆ, ಗೋಡೆ ಬಂಡೆ ಸುತ್ತಿ ಹೋಗ್ಬೇಕಂತೆ. ಹೊರಸುತ್ತಿಗೆ ಈಗ 24 ಸಾಲ್ತಿಲ್ಲ, 27 ಆಯ್ತು. ಮಗ್ಗಿ ಯಾಕೆ ತಪ್ಪಿತು ಅಂತ ಮತ್ತೆ ಮೊದಲಿಂದ ಎಣಿಸ್ತಿದಾಳೆ.