ಬೈಲಕುಪ್ಪೆಯ ಮಕ್ಕಳು ಏಕೆ ನಮ್ಮೊಂದಿಗೆ ಬೆರೆಯುವುದಿಲ್ಲ?

ನಾನು ಪಿರಿಯಾಪಟ್ಟಣ ತಾಲ್ಲೂಕಿನವಳು, ಮೈಸೂರಿನ ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ. ಇದು ತಿಳಿದ ಕೂಡಲೇ ಜನ ಕೇಳುತ್ತಾರೆ: "ನಿಮ್ಮ ಕಡೆಯ ಟಿಬೆಟನ್ನರು ಬಂದು ಅರವತ್ತು ವರ್ಷ ದಾಟಿತು. ಮಕ್ಕಳು, ಮೊಮ್ಮಕ್ಕಳು ಇಲ್ಲೇ ಹುಟ್ಟಿದರು. ಆದರೂ ಅವರೇಕೆ ನಮ್ಮೊಂದಿಗೆ ಬೆರೆಯುವುದಿಲ್ಲ?" ಕೆಟ್ಟ ಮನಸ್ಸಿನಿಂದ ಕೇಳುವವರು ಕಡಿಮೆ. ಹಾಗಾಗಿಯೇ ಪೂರ್ತಿ ಉತ್ತರ ಕೊಡಬೇಕೆನಿಸಿತು.

ಬೆರೆಯಬೇಕೆಂದವರನ್ನು ಅರ್ಧ ದಾರಿಯಲ್ಲಿ ಕಾನೂನು ತಡೆಯಿತು, ಉಳಿದರ್ಧದಲ್ಲಿ ನಾವೇ ತಡೆದೆವು. ಇದು ನನ್ನ ಉತ್ತರ.

1959ರಲ್ಲಿ ಟಿಬೆಟನ್ನರ ಧರ್ಮಗುರು ದಲೈಲಾಮಾ ಚೀನಾದ ಆಡಳಿತದಿಂದ ತಪ್ಪಿಸಿಕೊಂಡು ಭಾರತಕ್ಕೆ ಬಂದರು. ಅವರ ಹಿಂದೆ ಬಂದ ಸಾವಿರಾರು ಜನರಲ್ಲಿ ಒಂದು ಭಾಗಕ್ಕೆ ಆಗಿನ ಮೈಸೂರು ರಾಜ್ಯ ನಮ್ಮ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಆಗ ಅದು ಆನೆ ಓಡಾಡುವ ಕಾಡು. ಚಳಿ ನಾಡಿನಿಂದ ಬಂದವರು ಆ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ನಮ್ಮೂರಿನ ಭೂರಹಿತರು "ನಮಗೇಕೆ ಕೊಡಲಿಲ್ಲ" ಎಂದು ಇಂದಿಗೂ ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆ. ಆದರೆ ಅದನ್ನು ಸರ್ಕಾರಕ್ಕೆ ಕೇಳಬೇಕು, ಕ್ಯಾಂಪಿನ, ಅಂದರೆ ಆ ವಸತಿಯ, ಟಿಬೆಟನ್ನರಿಗಲ್ಲ. ಆ ಭೂಮಿ ಅವರಿಗೆ ಸಿಕ್ಕಿದ್ದು ಗುತ್ತಿಗೆಯ ಮೇಲೆ, ಮಾರುವ ಹಕ್ಕಿಲ್ಲದೆ.

ಇನ್ನು ಕಾನೂನು. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚಿನವರೆಗೆ ಭಾರತದ ನೆಲದಲ್ಲಿ ಹುಟ್ಟಿದವರು, ತಂದೆತಾಯಿ ಯಾರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. ಆಮೇಲೆ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಭಾರತೀಯರಾಗಿರಬೇಕು. 2004ರ ಡಿಸೆಂಬರ್‌ನಿಂದ ಆ ನಿಯಮ ಮತ್ತೂ ಬಿಗಿಯಾಯಿತು. ತಂದೆತಾಯಿ ಇಬ್ಬರೂ ಟಿಬೆಟ್‌ನಲ್ಲಿ ಹುಟ್ಟಿದವರಾಗಿರುವ ಒಂದು ಮನೆಯನ್ನು ಊಹಿಸಿಕೊಳ್ಳಿ. 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು. 1988ರಲ್ಲಿ ಅದೇ ಆಸ್ಪತ್ರೆಯಲ್ಲಿ ಹುಟ್ಟಿದ ತಮ್ಮ ವಿದೇಶಿ. ಒಂದೇ ಒಲೆಯ ಊಟ ಉಂಡು ಬೆಳೆದ ಇಬ್ಬರಲ್ಲಿ ಒಬ್ಬಳಿಗೆ ಮತದ ಹಕ್ಕಿದೆ. ಇನ್ನೊಬ್ಬನು, ಕ್ಯಾಂಪಿನಲ್ಲಿ ಎಲ್ಲರೂ "ಆರ್‌ಸಿ" ಎನ್ನುವ ವಿದೇಶಿಯರ ನೋಂದಣಿ ಪತ್ರವನ್ನು ಅವಧಿ ಮುಗಿದಾಗಲೆಲ್ಲ ನವೀಕರಿಸಿಕೊಳ್ಳಬೇಕು.

ಅಕ್ಕನ ಹಕ್ಕೂ ಕಾಗದದ ಮೇಲಷ್ಟೇ ಉಳಿದಿತ್ತು. ಹೀಗೆ ಇಲ್ಲಿ ಹುಟ್ಟಿದವರಿಗೂ ಪಾಸ್‌ಪೋರ್ಟ್ ನಿರಾಕರಿಸಲಾಗುತ್ತಿತ್ತು. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಇವರು ಭಾರತೀಯರೇ ಎಂದು ತೀರ್ಪು ಕೊಟ್ಟವು. 2014ರಲ್ಲಿ ಚುನಾವಣಾ ಆಯೋಗ ಇವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಅಷ್ಟಾದ ಮೇಲೂ 2017ರಲ್ಲಿ ಪಾಸ್‌ಪೋರ್ಟ್ ಕೇಳಿದವರಿಗೆ ಕೇಂದ್ರ ಸರ್ಕಾರ ಷರತ್ತು ಹಾಕಿತು: ಆರ್‌ಸಿ ಹಿಂದಿರುಗಿಸಬೇಕು, ಟಿಬೆಟನ್ ವಸತಿಯಲ್ಲಿ ವಾಸ ಮಾಡಬಾರದು. ಪೌರತ್ವ ಬೇಕಾದರೆ ಹುಟ್ಟಿದ ಮನೆ ಬಿಡು ಎಂದಂತಾಯಿತು. ಅದನ್ನೂ ನ್ಯಾಯಾಲಯದಲ್ಲೇ ಪ್ರಶ್ನಿಸಬೇಕಾಯಿತು. ಹಕ್ಕಿದ್ದೂ ಅರ್ಜಿ ಹಾಕದವರಿದ್ದಾರೆ. ನಿರಾಶ್ರಿತರಾಗಿ ಉಳಿಯುವುದೇ ತಾಯ್ನಾಡಿಗೆ ತೋರುವ ನಿಷ್ಠೆ ಎಂದು ಅವರು ನಂಬುತ್ತಾರೆ. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಟಿಬೆಟ್ ಅನ್ನು ಮರೆತರೆ ಮಾತ್ರ ಕನ್ನಡದವರಾಗಬಹುದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕಾನೂನಿನ ಆಚೆಗಿನ ಅರ್ಧ ನನ್ನನ್ನು ಹೆಚ್ಚು ನೋಯಿಸುತ್ತದೆ. ನನ್ನ ಟಿಬೆಟನ್ ವಿದ್ಯಾರ್ಥಿನಿಯೊಬ್ಬಳು ಮೈಸೂರಿನ ಕುವೆಂಪುನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಳು. ಫೋನಿನಲ್ಲಿ ಅವಳ ಕನ್ನಡ ಕೇಳಿ "ಬಂದು ನೋಡಮ್ಮ" ಎಂದ ಮನೆಯೊಡೆಯರು, ಗೇಟಿನ ಬಳಿ ಮುಖ ನೋಡಿದ ಮೇಲೆ "ಮನೆ ಆಗಲೇ ಕೊಟ್ಟಾಯಿತು" ಎಂದರಂತೆ. ಆ ಮನೆಗೆ ಟು-ಲೆಟ್ ಫಲಕ ಆಮೇಲೂ ನೇತಾಡುತ್ತಿತ್ತು. "ಮೇಡಂ, ನಾನು ಕನ್ನಡ ಮಾತನಾಡಿದ್ದೇ ತಪ್ಪಾಯಿತೇ?" ಎಂದು ಕೇಳಿದಳು. ಬಸ್ಸಿನಲ್ಲಿ "ಚಿಂಕಿ", "ಚೀನಾ" ಎನ್ನುವವರಿಗೆ ಚೀನಾದಿಂದ ತಪ್ಪಿಸಿಕೊಂಡು ಬಂದವರ ಮೊಮ್ಮಗಳಿಗೆ ಆ ಮಾತು ಹೇಗೆ ಚುಚ್ಚುತ್ತದೆ ಎಂಬ ಅರಿವೇ ಇಲ್ಲ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯದವರು ವದಂತಿಗೆ ಹೆದರಿ ಬೆಂಗಳೂರಿನಿಂದ ರೈಲು ಹತ್ತಿ ಹೊರಟರಲ್ಲ, ಅದೇ ದಿನಗಳಲ್ಲಿ ಮೈಸೂರಿನಲ್ಲಿ ಒಬ್ಬ ಟಿಬೆಟನ್ ವಿದ್ಯಾರ್ಥಿಗೆ ಚೂರಿ ಹಾಕಿದರು. ನಮ್ಮ ಊರಿನ ಚರಿತ್ರೆಯಲ್ಲಿ ಅದೂ ಸೇರಿದೆ.

"ಕನ್ನಡ ಕಲಿಯಲಿಲ್ಲವಲ್ಲ" ಎಂಬ ಆಕ್ಷೇಪವೂ ಇದೆ. ಬೈಲಕುಪ್ಪೆಯ ಪಕ್ಕದ ಕೊಪ್ಪ, ಕುಶಾಲನಗರದ ಅಂಗಡಿಗಳಲ್ಲಿ ವ್ಯಾಪಾರ ಮಾಡುವ, ಹೊಲದಲ್ಲಿ ನಮ್ಮವರೊಂದಿಗೆ ದುಡಿಯುವ ಟಿಬೆಟನ್ನರ ಬಾಯಲ್ಲಿ ಅಚ್ಚುಕಟ್ಟಾದ ಕನ್ನಡ ಕೇಳಿ ಬೆಳೆದವಳು ನಾನು. ಓದಲು ಬರೆಯಲು ಬಾರದವರು ಬಹಳಿದ್ದಾರೆ, ನಿಜ. 1961ರಲ್ಲಿ ಟಿಬೆಟನ್ ಮಕ್ಕಳ ಶಾಲೆಗಳಿಗೆಂದೇ ಕೇಂದ್ರ ಸರ್ಕಾರ ಸಂಸ್ಥೆಯೊಂದನ್ನು ಕಟ್ಟಿತು. ಅಲ್ಲಿ ಕಲಿಸಿದ್ದು ಟಿಬೆಟನ್, ಇಂಗ್ಲಿಷ್, ಹಿಂದಿ. ಕನ್ನಡಕ್ಕೆ ಸಿಕ್ಕ ಜಾಗ ತೀರಾ ಚಿಕ್ಕದು. ಅವರ ಭಾಷೆ ಉಳಿಯಲೇಬೇಕಿತ್ತು. ಜೊತೆಗೆ ಕನ್ನಡವನ್ನೂ ಕೊಡಬೇಕೆಂದು ನಾವು ಎಂದಾದರೂ ಗಟ್ಟಿಯಾಗಿ ಕೇಳಿದೆವೇ?

ಈಗ ಕ್ಯಾಂಪಿನ ಯುವಕರು ಕೆನಡಾ, ಅಮೆರಿಕ, ಯುರೋಪಿಗೆ ಹೊರಟುಹೋಗುತ್ತಿದ್ದಾರೆ. ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ಹೊರಟವರಲ್ಲಿ ನನ್ನ ವಿದ್ಯಾರ್ಥಿಗಳೂ ಇದ್ದಾರೆ. ಅವರನ್ನು ತಡೆಯುವ ಹಕ್ಕು ನನಗಿಲ್ಲ. ಉಳಿದವರ ಶಾಲೆಗಳಿಗೆ ಒಂದನೆಯ ತರಗತಿಯಿಂದಲೇ ಕನ್ನಡ ಶಿಕ್ಷಕರನ್ನು ಕೊಡಿ ಎಂದು ಶಿಕ್ಷಣ ಇಲಾಖೆಗೆ ಬರೆದಿದ್ದೇನೆ. ಶಿಕ್ಷಕರು ಬರುವವರೆಗೆ ಭಾನುವಾರಗಳಲ್ಲಿ ನಾನೇ ಹೋಗಿ ಕಲಿಸಲು ಸಿದ್ಧಳಿದ್ದೇನೆ ಎಂದೂ ಅದೇ ಪತ್ರದಲ್ಲಿ ತಿಳಿಸಿದ್ದೇನೆ.