ಡ್ರಿಲ್ ಪ್ರೆಸ್ಸೋ, ಮಿಲ್ಲಿಂಗ್ ಮೆಷಿನ್ನೋ?

ಮನೆಯಲ್ಲೇ ಸಣ್ಣ ವರ್ಕ್‌ಶಾಪ್ ಶುರು ಮಾಡುವವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ತೂತು ಕೊರೆಯೋ ಡ್ರಿಲ್ ಪ್ರೆಸ್ ತಗೊಂಡು, ಅದರ ಮೇಲೆ ಎರಡೂ ದಿಕ್ಕಿಗೆ ಸರಿಯೋ ಎಕ್ಸ್-ವೈ ಟೇಬಲ್ ಕೂರಿಸಿದರೆ, ಲೋಹವನ್ನ ಪಕ್ಕಕ್ಕೆ ಕೆತ್ತೋ ಮಿಲ್ಲಿಂಗೂ ಆಗುತ್ತೆ ಅಲ್ವಾ?"

ಆಗುವುದಿಲ್ಲ. ಕಾರಣ, ಬಿಟ್ಟನ್ನು ಹಿಡಿಯುವ ಚಕ್ಕಿನ ಹಿಂದೆ ಇದೆ. ಸಾಮಾನ್ಯ ಡ್ರಿಲ್ ಪ್ರೆಸ್ಸಿನಲ್ಲಿ ಚಕ್ಕನ್ನು ಯಾವ ಬೋಲ್ಟೂ ಹಿಡಿದಿರುವುದಿಲ್ಲ. ತುದಿಗೆ ಹೋದಂತೆ ಸಪೂರವಾಗುವ ಟೇಪರ್, ಅದೇ ಅಳತೆಯ ಗೂಡಿನಲ್ಲಿ ಬಿಗಿಯಾಗಿ ಕೂತಿರುತ್ತದೆ, ಅಷ್ಟೆ. ತೂತು ಕೊರೆಯುವಾಗ ಒತ್ತಡ ನೇರ ಮೇಲಕ್ಕೆ ಬರುತ್ತದೆ, ಟೇಪರ್ ಇನ್ನೂ ಗಟ್ಟಿಯಾಗುತ್ತದೆ. ಬದಿಯಿಂದಲೂ ಕೆತ್ತುವ ಎಂಡ್ ಮಿಲ್ ಎಂಬ ಕಟ್ಟರ್ ಹಾಕಿ ಪಕ್ಕಕ್ಕೆ ತಳ್ಳಿದರೆ ಅದೇ ಟೇಪರ್ ಅದುರಿ ಅದುರಿ ಸಡಿಲವಾಗುತ್ತದೆ. ಒಮ್ಮೆ ಅಲ್ಯೂಮಿನಿಯಂ ಪಟ್ಟಿಯಲ್ಲಿ ಉದ್ದನೆಯ ತೋಡು ಕೊರೆಯಲು ಹೋದಾಗ, ಸದ್ದು ಬದಲಾಯಿತು ಅನ್ನುವಷ್ಟರಲ್ಲಿ ಚಕ್ ತಿರುಗುತ್ತಲೇ ಟೇಬಲ್ ಮೇಲೆ ಬಿತ್ತು. ಪಟ್ಟಿಯ ಅಂಚಿನಲ್ಲಿ ಅರ್ಧಚಂದ್ರದ ಗಾಯ. ನನ್ನ ಬೆರಳು ಅಲ್ಲಿಂದ ಒಂದು ಗೇಣು ದೂರವಿತ್ತು. ಅವತ್ತಿನಿಂದ ಈ ಪ್ರಶ್ನೆಗೆ ನಾನು ಸುಮ್ನೆ "ನೋಡಿ, ಪ್ರಯತ್ನಿಸಿ" ಅಂತ ಹೇಳುವುದಿಲ್ಲ.

ಮಿಲ್ಲಿಂಗ್ ಮೆಷಿನ್ನಿನಲ್ಲಿ ಡ್ರಾಬಾರ್ ಎಂಬ ಉದ್ದ ಬೋಲ್ಟ್ ತಿರುಗುವ ದಂಡವಾದ ಸ್ಪಿಂಡಲ್ಲಿನ ಒಳಗಿಂದಲೇ, ಕಟ್ಟರನ್ನು ಕಚ್ಚಿ ಹಿಡಿಯುವ ಕೋಲೆಟ್ಟನ್ನು ಮೇಲಕ್ಕೆ ಎಳೆದು ಹಿಡಿಯುತ್ತದೆ. ಬೇರಿಂಗುಗಳೂ ಪಕ್ಕದ ಹೊಡೆತ ತಾಳುವಂಥವು.

ಹಾಗಂತ ಎಲ್ಲರಿಗೂ ಮಿಲ್ ಬೇಕಿಲ್ಲ. ನೀವು ಈಚೆಗೆ ಮಾಡಿದ ಹತ್ತು ಕೆಲಸ ನೆನಪಿಸಿಕೊಳ್ಳಿ. ಎಂಟರಲ್ಲಿ ಬರೀ ತೂತೇ ಇದ್ದರೆ ಡ್ರಿಲ್ ಪ್ರೆಸ್ ತಗೊಳ್ಳಿ. ಮಿಲ್ಲಿನಲ್ಲೂ ತೂತು ಕೊರೆಯಬಹುದು ನಿಜ. ಆದರೆ ಸಣ್ಣ ಮಿಲ್ಲಿನಲ್ಲಿ ತುಂಡನ್ನು ಬಿಗಿದು ಹಿಡಿಯುವ ವೈಸ್, ಚಕ್, ಉದ್ದದ ಬಿಟ್ ಮೂರೂ ಸೇರಿದರೆ ಎತ್ತರವೇ ಸಾಲುವುದಿಲ್ಲ.

ಡ್ರಿಲ್ ಪ್ರೆಸ್ ಕೊಳ್ಳುವಾಗ ಮೋಟಾರಿನ ಶಕ್ತಿಗಿಂತ ನಾನು ಮೊದಲು ನೋಡುವುದು ಕಡಿಮೆ ವೇಗ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟಿಗೆ ಮೈಲ್ಡ್ ಸ್ಟೀಲಿನಲ್ಲಿ ನಿಮಿಷಕ್ಕೆ ಸುಮಾರು 25 ಮೀಟರ್ ಕತ್ತರಿಸುವ ವೇಗ ಅಂತ ಲೆಕ್ಕ ಹಾಕಿದರೆ, 6 ಮಿ.ಮೀ. ಬಿಟ್ಟಿಗೆ 1300 ಆರ್‌ಪಿಎಂ, 12ಕ್ಕೆ 650, 20ಕ್ಕೆ 400 ಆರ್‌ಪಿಎಂ ಆಸುಪಾಸು ಬೇಕು. ಮೆಷಿನ್ 600ಕ್ಕಿಂತ ಕೆಳಗೆ ಇಳಿಯದಿದ್ದರೆ ದೊಡ್ಡ ಬಿಟ್ ಸುಟ್ಟು ನೀಲಿಯಾಗುತ್ತದೆ. ಆಮೇಲೆ ಸ್ಪಿಂಡಲ್ ಪೂರ್ತಿ ಕೆಳಗಿಳಿಸಿ, ಚಕ್ ಹಿಡಿದು ಅಲ್ಲಾಡಿಸಿ. ಕೈಗೆ ಟಕ್ ಟಕ್ ಅಂತ ಸಿಕ್ಕರೆ ಬಿಟ್ಟುಬಿಡಿ. ಟೇಬಲ್ ಮೇಲೆ ಮರದ ತುಂಡಿಟ್ಟು, ಮೆಷಿನ್ ಆಫ್ ಇರುವಾಗಲೇ ಹ್ಯಾಂಡಲ್ ಜೋರಾಗಿ ಒತ್ತಿ. ಟೇಬಲ್ ಬಗ್ಗಿದ್ದು ಕಣ್ಣಿಗೇ ಕಂಡರೆ ತೂತು ನೇರ ಬರುವುದಿಲ್ಲ.

ಮಿಲ್ ಆದರೆ ಗುಂಡು ಕಂಬದ್ದು ಬೇಡ. ಸ್ಪಿಂಡಲ್ ಇರುವ ತಲೆಯನ್ನು ಮೇಲೆ-ಕೆಳಗೆ ಮಾಡಿದ ಕೂಡಲೇ ಅದು ತುಸು ತಿರುಗಿ, ಹೊಂದಿಸಿಟ್ಟ ಜಾಗ ತಪ್ಪುತ್ತದೆ. ಡವ್‌ಟೇಲ್ ಕಂಬ (ಓರೆ ಅಂಚಿನ ಜಾಡಿನಲ್ಲಿ ತಲೆ ತಿರುಗದೆ ಜಾರುವಂಥದ್ದು) ನೋಡಿ. ವೈಸ್, ಕೋಲೆಟ್, ಎಂಡ್ ಮಿಲ್, ಸೂಕ್ಷ್ಮ ಅಳತೆಯ ಡಯಲ್ ಗೇಜ್ ಇವಕ್ಕೇ ಮೆಷಿನ್ನಿನಷ್ಟು ದುಡ್ಡು ಹೋಗಬಹುದು, ಮೊದಲೇ ಎತ್ತಿಡಿ.

ಯಾವುದು ತಂದರೂ ವೈಸ್ ಜೊತೆಗೇ ತನ್ನಿ. ಬಿಟ್ ತಗಡಿನ ಆಚೆ ಬದಿ ಹೊರಬರುವ ಗಳಿಗೆಯಲ್ಲೇ ಅದು ಕಚ್ಚಿಕೊಂಡು ತಗಡನ್ನು ತಿರುಗಿಸುವುದು. ಕ್ಲ್ಯಾಂಪ್ ಮಾಡಿ. ಅದರ ಜೊತೆಗೆ ಉದ್ದನೆಯ ತುಂಡನ್ನು ಡ್ರಿಲ್ ಪ್ರೆಸ್ ಕಂಬದ ಎಡಬದಿಗೆ ಒರಗಿಸಿ. ಕ್ಲ್ಯಾಂಪ್ ಜಾರಿ ತಿರುಗಿದರೂ ಅದು ಕಂಬಕ್ಕೆ ತಾಗಿ ನಿಲ್ಲುತ್ತದೆ.