‘ಲೆಕ್ಕ ಬರಲ್ಲ, ನರ್ಸಿಂಗ್ ಸೇರಿಸೋಣ್ವಾ?’

ನರ್ಸ್ ಕೆಲಸಕ್ಕೆ ಗಣಿತ ಬೇಕಾ? ಬೇಕು. ಉತ್ತರ ಇಷ್ಟೇ. ಇನ್ನು ಮೇಲೆ ಫೋನ್ ಮಾಡಿ ಕೇಳಬೇಡಿ.

ಪ್ರಶ್ನೆಗಿಂತ ಅದನ್ನು ಕೇಳುವ ರೀತಿಗೆ ಮೈ ಉರಿಯುತ್ತದೆ. ಹೋದ ತಿಂಗಳು ಒಂದು ಮದುವೆ ಊಟ. ಎಲೆಗೆ ಹೋಳಿಗೆ ಬಿದ್ದಿತ್ತು, ತುಪ್ಪ ಇನ್ನೂ ಬಂದಿರಲಿಲ್ಲ. ಪಕ್ಕದಲ್ಲಿದ್ದ ದೂರದ ಅತ್ತೆ, “ನಮ್ಮ ಹುಡುಗಿಗೆ ಲೆಕ್ಕ ತಲೆಗೇ ಹತ್ತಲ್ಲ ಕಣೇ. ಸುಮ್ನೆ ನಿನ್ನ ಹಾಗೆ ನರ್ಸಿಂಗ್ ಸೇರಿಸೋಣ ಅಂತ” ಅಂದರು.

ಸುಮ್ನೆ ಅಂತೆ! ಹದಿನಾಲ್ಕು ವರ್ಷದಿಂದ ವಾರ್ಡಿನಲ್ಲಿ ಸುಮ್ನೆ ನಿಂತಿದ್ದೇನೆ ನಾನು.

“ಅತ್ತೆ, 500 ಎಂಎಲ್ ಡ್ರಿಪ್ 8 ಗಂಟೇಲಿ ಮುಗೀಬೇಕು. ಒಂದು ಎಂಎಲ್‌ಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡ್ಲಿ?” ಎಂದೆ. ಅತ್ತೆ ತುಪ್ಪದವನನ್ನು ಕೂಗಿದರು. ಉತ್ತರ 21. ಹತ್ತು ಸಾವಿರ ಹನಿ, 480 ನಿಮಿಷ, ಭಾಗಿಸಿದರೆ ಆಯಿತು. ಇಂಟಿಗ್ರೇಷನ್ ನಾನು ಕೆಲಸದಲ್ಲಿ ಒಮ್ಮೆಯೂ ಮಾಡಿಲ್ಲ. ಭಾಗಾಕಾರ, ದಶಮಾಂಶ, ತ್ರೈರಾಶಿ ಬಂದರೆ ಸಾಕು. ಏಳನೇ ಕ್ಲಾಸಿನ ಲೆಕ್ಕವೇ, ಆದರೆ ಬೆಳಗಿನ ಜಾವ ಮೂರಕ್ಕೆ, ಪಕ್ಕದಲ್ಲಿ ಮಾನಿಟರ್ ಕೂಗುತ್ತಿರುವಾಗ ಮಾಡಬೇಕು.

ಒಬ್ಬ ಅಜ್ಜ ಇದ್ದರು. ದಿನಾ ಬೆಳಿಗ್ಗೆ 20 ಯೂನಿಟ್ ಇನ್ಸುಲಿನ್. ಸೊಸೆ ಒಂದು ದಿನವೂ ತಪ್ಪಿಸದೆ ಚುಚ್ಚುತ್ತಿದ್ದಳು, ಶುಗರ್ ಮಾತ್ರ ಇಳಿಯುತ್ತಿರಲಿಲ್ಲ. ಕದ್ದು ಸಿಹಿ ಕೊಡುತ್ತೀಯಾ ಅಂತ ಮನೆಯವರೆಲ್ಲ ಅವಳನ್ನು ಬೈದಾಗಿತ್ತು. ಮನೆಯಿಂದ ಸಿರಿಂಜ್ ತರಿಸಿ ನೋಡಿದೆ. ಬಾಟಲಿ ಎಂಎಲ್‌ಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. ಇವರ ಹತ್ತಿರ ಇದ್ದದ್ದು ಕಿತ್ತಳೆ ಮುಚ್ಚಳದ್ದು, ಎಂಎಲ್‌ಗೆ 100 ಯೂನಿಟ್‌ನದು. ಅದರಲ್ಲಿ 20ರ ಗೆರೆಯವರೆಗೆ ಎಳೆದರೆ ಬರುವುದು 0.2 ಎಂಎಲ್. ಅಂದರೆ ಅಜ್ಜನ ಮೈಗೆ ಹೋಗುತ್ತಿದ್ದದ್ದು ಬರೀ 8 ಯೂನಿಟ್! ಅದಲುಬದಲಾಗಿ ಬಾಟಲಿ 100ರದ್ದು, ಸಿರಿಂಜ್ 40ರದ್ದು ಆಗಿದ್ದರೆ 50 ಹೋಗುತ್ತಿತ್ತು. ಅಜ್ಜ ಉಳಿಯುತ್ತಿದ್ದರೋ ಇಲ್ಲವೋ. ಡಿಸ್ಚಾರ್ಜ್ ಕಾರ್ಡಿನ ಹಿಂದೆ ಲೆಕ್ಕ ಬರೆದು ತೋರಿಸಿದೆ. ಸೊಸೆ ಅಲ್ಲೇ ಕೂತು ಅತ್ತಳು. ಬೈದವರಲ್ಲಿ ಒಬ್ಬರೂ ಅವಳ ಹತ್ತಿರ ತಪ್ಪಾಯಿತು ಅನ್ನಲಿಲ್ಲ.

ಲೆಕ್ಕ ಬರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ನಿನ್ನ ಲೆಕ್ಕ ಯಾರು ನೋಡ್ತಾರೆ ಅಂತ ಒಬ್ಬರೂ ಕೇಳುವುದಿಲ್ಲ. ಕೇಳಿದ್ದರೆ ಇದನ್ನು ಹೇಳುತ್ತಿದ್ದೆ. ಕೆಲಸಕ್ಕೆ ಸೇರಿದ ಹೊಸದು. ಮಕ್ಕಳ ವಾರ್ಡಿನ ಚಾರ್ಟಿನಲ್ಲಿ ‘.5 ಎಂಎಲ್’ ಎಂದು ಬರೆದು ಮನೆಗೆ ಹೋದೆ. ಮುಂದಿನ ಶಿಫ್ಟಿನವಳಿಗೆ ಆ ಚುಕ್ಕಿ ಕಾಣಲಿಲ್ಲ. 5 ಎಂಎಲ್ ಎಳೆದುಕೊಂಡು ಹೊರಟಿದ್ದಳು. “ಇಷ್ಟು ಪುಟ್ಟ ಮಗೂಗೆ ಇಷ್ಟು ದೊಡ್ಡ ಸಿರಿಂಜಾ?” ಎಂದು ಹಿರಿಯ ಸಿಸ್ಟರ್ ತಡೆದರು. ಅವರು ಲೆಕ್ಕ ಹಾಕಲೇ ಇಲ್ಲ, ಸಿರಿಂಜಿನ ಗಾತ್ರ ನೋಡಿದರು ಅಷ್ಟೇ. ಮಾರನೇ ದಿನ ನನ್ನನ್ನು ಕೂರಿಸಿ 0.5 ಅಂತ ಐವತ್ತು ಸಲ ಬರೆಸಿದರು. ಚುಕ್ಕಿಯ ಮುಂದೆ ಸೊನ್ನೆ ಬಿಟ್ಟರೆ ಮತ್ತೆ ಐವತ್ತು.

ಈಗಲೂ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ 0.5 ಅಂತಲೇ ಬರೆಯುತ್ತೇನೆ. ‘ಅರ್ಧ’ ಅಂತ ಬರೆದರೆ ಸಾಕಲ್ವಾ ಅನ್ನುತ್ತಾರೆ ನಮ್ಮ ಯಜಮಾನರು.